ಅಸ್ಕೋ ಪುರೋಲಾನ ಬಾಡಿಗೆ ಜನ

ಅಸ್ಕೋ ಪುರೋಲಾನಿಗೆ ಮನುಷ್ಯರನ್ನು ಕಂಡರೆ ಆಗುತ್ತಿರಲಿಲ್ಲ. ಫಿನ್ಲೆಂಡಿನ ನಮ್ಮ ಸಾವೋ ಸೀಮೆಯಲ್ಲಿ ಇದೇನೂ ದೊಡ್ಡ ದೋಷವಲ್ಲ. ಬಸ್ಸಿಗೆ ಕಾಯುವಾಗಲೂ ಒಬ್ಬರಿಂದೊಬ್ಬರು ಮಾರು ದೂರ ನಿಲ್ಲುವ ಜನ ನಾವು. ಆದರೆ ಉಳಿದವರು ಹೇಗೋ ಹಲ್ಲು ಕಚ್ಚಿಕೊಂಡು ಮನುಷ್ಯರನ್ನು ಸಹಿಸುತ್ತಾರೆ. ಅಸ್ಕೋ ಮನುಷ್ಯರಿಗೆ ಬದಲಿಯಾಗಿ ಬೇರೆಯವರನ್ನು ತಯಾರಿಸಿಕೊಂಡ, ಅದಕ್ಕೆ ಸಂಬಳವನ್ನೂ ಎಣಿಸಿಕೊಂಡ.

ಅವನ ಉದ್ಯೋಗವೇ ಅದು. ಒಂದು ವೆಬ್‌ಸೈಟಿಗೆ ಸಾವಿರಾರು ಜನ ಒಟ್ಟಿಗೆ ನುಗ್ಗಿದರೆ ಅದು ತಡೆದು ನಿಲ್ಲುತ್ತದೋ ಮಕಾಡೆ ಮಲಗುತ್ತದೋ ಎಂದು ಮೊದಲೇ ಪರೀಕ್ಷೆ ಮಾಡುವುದು. ಹೊಸ ಸೇತುವೆಯ ಮೇಲೆ ಮರಳು ತುಂಬಿದ ಲಾರಿಗಳನ್ನು ನಿಲ್ಲಿಸಿ ನೋಡುತ್ತಾರಲ್ಲ, ಹಾಗೆ. ಇದಕ್ಕೆಂದು ನಿಜವಾದ ಜನರನ್ನು ಎಲ್ಲಿಂದ ತರುವುದು? ಆದ್ದರಿಂದ ಕ್ಲೌಡ್‌ನಲ್ಲಿ, ಅಂದರೆ ಫ್ರಾಂಕ್‌ಫರ್ಟಿನಲ್ಲೋ ಡಬ್ಲಿನ್ನಿನಲ್ಲೋ ಯಾರೋ ಕಟ್ಟಿಸಿರುವ ಕಂಪ್ಯೂಟರ್ ಗೋದಾಮುಗಳಲ್ಲಿ, ಗಂಟೆ ಲೆಕ್ಕದ ಬಾಡಿಗೆಗೆ ಸರ್ವರುಗಳನ್ನು ಹಿಡಿದು, ಅವುಗಳ ಹೊಟ್ಟೆಯಲ್ಲಿ ಸುಳ್ಳು ಜನರನ್ನು ಹುಟ್ಟಿಸಬೇಕು. ಆ ಸುಳ್ಳು ಜನ ಪುಟ ತೆರೆಯುತ್ತಾರೆ, ಹೆಸರು ಬರೆಯುತ್ತಾರೆ, ಗುಂಡಿ ಒತ್ತುತ್ತಾರೆ. ಕೆಲಸ ಮುಗಿದ ಮೇಲೆ ಸರ್ವರ್ ಆರಿಸಿದರೆ ಅಷ್ಟೂ ಜನ ಒಟ್ಟಿಗೆ ಮಾಯ.

ಇದನ್ನು ಬೇರೆಯವರೂ ಮಾಡುತ್ತಾರೆ, ಮಾಡಿ ಮನೆಗೆ ಹೋಗುತ್ತಾರೆ. ಅಸ್ಕೋನಿಗೆ ಮಾತ್ರ ತಾನೇನೋ ಬ್ರಹ್ಮಸೃಷ್ಟಿ ಮಾಡುತ್ತಿದ್ದೇನೆಂಬ ಗತ್ತು. ಹಳೆಯ ಟೆಲಿಫೋನ್ ಪುಸ್ತಕದಿಂದ ಒಬ್ಬರ ಹೆಸರು, ಇನ್ನೊಬ್ಬರ ಮನೆತನ ಕಿತ್ತು ಜೋಡಿಸಿ ತನ್ನ ಪ್ರಜೆಗಳಿಗೆ ನಾಮಕರಣ ಮಾಡುತ್ತಿದ್ದ. ಆಫೀಸಿನಲ್ಲಿ ಕಾಫಿಗೆ ಕೂತರೆ ಅದೇ ಮಾತು.

"ನನ್ನ ಜನ ಇದ್ದಾರಲ್ಲ, ಒಂದು ದಿನವೂ ದೂರು ಕೊಟ್ಟಿಲ್ಲ. ಪಾಸ್‌ವರ್ಡ್ ಮರೆತಿಲ್ಲ. ಫೋನ್ ಮಾಡಿ ತಲೆ ತಿಂದಿಲ್ಲ. ಈ ಮಾಂಸದ ಜನ ಬರೋದ್ರಿಂದಲೇ ಎಲ್ಲಾ ಹಾಳು" ಎನ್ನುತ್ತಿದ್ದ, ಮುಂದೆ ಕೂತ ಮಾಂಸದ ಜನರನ್ನೇ ನೋಡುತ್ತ.

ಆ ಆಫೀಸು ಮಿಸ್ಕಾ ಎಂಬ ಹುಡುಗುಮೋರೆಯ ಯಜಮಾನನದು, ಸರೋವರದ ದಡದ ಹಳೆಯ ಹಾಲಿನ ಡೈರಿಯಲ್ಲಿತ್ತು. ಸುತ್ತಲಿನ ಊರುಗಳ ಸಂಜೆಶಾಲೆಗಳಿಗೆ ಹೆಸರು ನೋಂದಾಯಿಸುವ ಪುಟ ಮಾಡಿಕೊಟ್ಟಿದ್ದು ಈ ಕಂಪನಿಯೇ. ಸಂಜೆಶಾಲೆಯೆಂದರೆ ನಮ್ಮಲ್ಲಿ ಆಟದ ಮಾತಲ್ಲ. ಆಗಸ್ಟ್ ಬಂತೆಂದರೆ ಮನೆಮನೆಗೆ ತರಗತಿಗಳ ಪುಸ್ತಿಕೆ ಬೀಳುತ್ತದೆ. ಮಡಕೆ ಮಾಡುವುದು, ಕುರ್ಚಿ ರಿಪೇರಿ, ಮಗ್ಗ, ಇಟಾಲಿಯನ್ ಭಾಷೆ. ಎಲ್ಲರೂ ಪೆನ್ನಿನಲ್ಲಿ ಸುತ್ತು ಹಾಕಿಕೊಂಡು, ಗೊತ್ತಾದ ದಿನ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಪುಟದ ಮೇಲೆ ಮುಗಿಬೀಳುತ್ತಾರೆ. ಪಕ್ಕದ ಮನೆಯವನಿಗೆ ನಮಸ್ಕಾರ ಹೇಳುವುದಕ್ಕೆ ವರ್ಷಗಟ್ಟಲೆ ಯೋಚಿಸುವ ಇದೇ ಜನ, ಮಣ್ಣಿನ ಬೋಗುಣಿ ಮಾಡುವ ತರಗತಿಗೆ ಹಾಗೆ ನುಗ್ಗುವುದನ್ನು ನೋಡಿದರೆ ನಗು ಬರುತ್ತದೆ. ಪ್ರತಿ ವರ್ಷ ಪುಟ ಕುಸಿಯುತ್ತಿತ್ತು, ಪ್ರತಿ ವರ್ಷ ಮಿಸ್ಕಾ ಊರಿನ ಪತ್ರಿಕೆಯಲ್ಲಿ ಉಗಿಸಿಕೊಳ್ಳುತ್ತಿದ್ದ. ಅದಕ್ಕೇ ಅಸ್ಕೋನನ್ನು ತಂದು ಕೂರಿಸಿಕೊಂಡಿದ್ದು.

ಅಸ್ಕೋನ ಹೆಂಡತಿ ರೈಯಾ. ಬ್ರೆಡ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತಿಯಾದವಳು. ಇಂಥ ಗಂಡನ ಜೊತೆ ಅವಳು ಹೇಗೆ ಬಾಳಿದಳೋ ದೇವರಿಗೇ ಗೊತ್ತು. ಸಂಜೆಶಾಲೆಯ ಮಗ್ಗದ ಕೋಣೆಯಲ್ಲಿ ಅವಳಿಗೆ ಒಂದು ಮಗ್ಗವಿತ್ತು, ಅದರಲ್ಲಿ ಅರ್ಧ ನೇಯ್ದ ಒಂದು ಕಂಬಳಿಯಿತ್ತು. ಗೋಡೆಗೆ ತೂಗುಹಾಕುವ, ಗಂಟು ಗಂಟಾಗಿ ಕಟ್ಟುವ ಹಳೇ ಕಾಲದ ಕಂಬಳಿ. ಉಣ್ಣೆ ಅವಳ ತಂಗಿ ಲೈಲಾ ಸಾಕಿದ ಕುರಿಗಳದು. ಬಣ್ಣ ಹಾಕಿದ್ದು ಲೈಲಾ, ಚಿತ್ತಾರ ಬರೆದದ್ದು ಲೈಲಾ. ನೇಯುವ ಮೊದಲೇ ಕಾಯಿಲೆ ಬಿದ್ದು ಅವಳು ತೀರಿಹೋದಳು, ಕುರಿಗಳೂ ಮಾರಾಟವಾದವು. ವಸಂತದಲ್ಲಿ ಶಾಲೆ ಮುಚ್ಚುವಾಗ ಕಂಬಳಿ ಅರ್ಧಕ್ಕೆ ನಿಂತಿತ್ತು.

ಶಾಲೆಯ ಕಟ್ಟಳೆ ಏನೆಂದರೆ, ಶರತ್ಕಾಲದ ತರಗತಿಗೆ ಎಲ್ಲರೂ ಹೊಸದಾಗಿ ಹೆಸರು ಹಚ್ಚಬೇಕು. ಯಾರಿಗೂ ಮೀಸಲಿಲ್ಲ, ಮಗ್ಗದಲ್ಲಿ ಅರ್ಧ ಕೆಲಸ ಇದ್ದವರಿಗೂ ಇಲ್ಲ. ಹೆಸರು ಬರದಿದ್ದರೆ ಮಗ್ಗದ ಉದ್ದಕ್ಕೂ ಬಿಗಿದ ಹಾಸಿನ ನೂಲು ಕತ್ತರಿಸಿ ಮಗ್ಗವನ್ನು ಮುಂದಿನವರಿಗೆ ತೆರವು ಮಾಡುತ್ತಾರೆ. ಕತ್ತರಿಸಿದ ಹಾಸನ್ನು ಮತ್ತೆ ಮಗ್ಗಕ್ಕೆ ಏರಿಸಲು ಬರುವುದಿಲ್ಲ. ಕ್ರೂರ ಅನ್ನಿಸಬಹುದು. ಆದರೆ ನಮ್ಮ ಜನ ಕ್ರೌರ್ಯವನ್ನು ಬೇಕಾದರೂ ಒಪ್ಪುತ್ತಾರೆ, ಪಕ್ಕದವನಿಗೆ ಒಂದು ಚೂರು ಹೆಚ್ಚು ಸಿಗುವುದನ್ನು ಒಪ್ಪುವುದಿಲ್ಲ.

ನೋಂದಣಿಯ ಹಿಂದಿನ ದಿನ ಅಡುಗೆಮನೆಯಲ್ಲಿ ರೈಯಾ ಹೇಳಿದಳು, "ನಾಳೆ ಬೆಳಿಗ್ಗೆ ನಾನು ಲೈಬ್ರರಿಗೆ ಹೋಗ್ತೀನಿ ಅಸ್ಕೋ. ಪಿರ್ಕ್ಕೋನೂ ಬರ್ತಾಳೆ. ಅಲ್ಲಿ ನೆಟ್ ಜೋರಾಗಿದೆಯಂತೆ."

ಪಿರ್ಕ್ಕೋ ಅವಳ ಪಕ್ಕದ ಮಗ್ಗದವಳು, ಗಟ್ಟಿ ಬಾಯಿಯ ಹೆಂಗಸು.

"ನೀನ್ಯಾಕೆ ಹೋಗ್ಬೇಕು?" ಎಂದ ಅಸ್ಕೋ. "ನನ್ನ ಮರ್ಯಾದೆ ತೆಗೆಯೋಕಾ? ಸಾವಿರಾರು ಜನರನ್ನ ಒಳಗೆ ನುಗ್ಗಿಸೋನ ಹೆಂಡ್ತಿ ಲೈಬ್ರರಿಯಲ್ಲಿ ಮುದುಕಿಯರ ಜೊತೆ ಗುಂಡಿ ಒತ್ತುತ್ತಾ ಕೂರೋದಾ? ನಾನೇ ಮಾಡ್ತೀನಿ ಬಿಡು. ಒಂಬತ್ತಾಗುತ್ತಿದ್ದ ಹಾಗೇ ಫ್ರಾಂಕ್‌ಫರ್ಟಿಂದ ನಿನ್ನ ಹೆಸರು ಹೋಗುತ್ತೆ."

"ಅದಕ್ಕೆ ಫ್ರಾಂಕ್‌ಫರ್ಟ್ ಯಾಕೆ ಮಾರಾಯಾ, ಒಂದು ಬೆರಳು ಸಾಕು."

"ನಿನ್ನ ಬೆರಳನ್ನ ನಾನು ನೋಡಿಲ್ವಾ? ರಿಮೋಟ್ ಒತ್ತೋಕೇ ಕನ್ನಡಕ ಹುಡುಕ್ತೀಯ."

"ಆಟ ಆಡಬೇಡ ಕಣೋ. ಅದು ಲೈಲಾಳ ಉಣ್ಣೆ. ಇನ್ನೊಂದು ಉಂಡೆ ಬೇಕಂದ್ರೂ ಎಲ್ಲೂ ಸಿಗಲ್ಲ."

"ಗೊತ್ತು, ಗೊತ್ತು. ನಾಳೆ ನೀನು ಕಾಡಿಗೆ ಹೋಗಿ ಬೆರ್ರಿ ಆರಿಸು. ಇಂಥದ್ದನ್ನ ತಿಳಿದವರಿಗೆ ಬಿಡು."

ಇದೇ ಅಸ್ಕೋ ಅದೇ ವಾರ ಆಫೀಸಿನಲ್ಲಿ, ಯಾರಿಗೂ ಒಳಗಿನಿಂದ ಸಹಾಯ ಮಾಡಬಾರದು, ಸರದಿ ಎಂದರೆ ಸರದಿ ಎಂದು ದೊಡ್ಡ ಭಾಷಣ ಬಿಗಿದಿದ್ದ. ಹೆಂಡತಿಯ ಮೇಲಿನ ಪ್ರೀತಿಯಿಂದ ಅವನು ಆ ಮಾತು ಮುರಿದಿದ್ದರೆ ಕ್ಷಮಿಸಬಹುದಿತ್ತು. ಪ್ರೀತಿಯೂ ಅಲ್ಲ, ಕಾಳಜಿಯೂ ಅಲ್ಲ, ಬರೀ ಜಂಬ. ತನ್ನ ಯಂತ್ರ ಬೇಡ, ಒಂದು ಹೆಂಗಸಿನ ಬೆರಳು ಸಾಕು ಎಂದದ್ದು ಅವನಿಗೆ ಚುಚ್ಚಿತ್ತು.

ಪರೀಕ್ಷೆಗೆಂದು ಬರೆದಿಟ್ಟ ಹಳೆಯ ಫೈಲನ್ನೇ ತೆರೆದ. ಅದುವರೆಗೂ ಅದು ಪುಟದ ಅಭ್ಯಾಸದ ನಕಲಿಗೆ ಹೋಗುತ್ತಿತ್ತು, ನಿಜವಾದ ಪುಟಕ್ಕೆ ತಿರುಗಿಸಿದ. ಸಾವಿರಾರು ಜನರನ್ನೆಲ್ಲ ಅಳಿಸಿ ಒಬ್ಬಳನ್ನೇ ಉಳಿಸಿದ, ಅವಳಿಗೆ ರೈಯಾ ಪುರೋಲಾ ಎಂದು ಹೆಸರಿಟ್ಟ. ಫೈಲಿನ ಮೇಲ್ಭಾಗದಲ್ಲಿ ತರಗತಿಯ ಹೆಸರಿನ ಜಾಗಕ್ಕೆ ಮಗ್ಗದ ತರಗತಿ ಎಂದು ತುಂಬಿದ. ಇಷ್ಟು ಮಾಡಿ ಬೆನ್ನು ಚಾಚಿ ಕೂತ.

ಅವನು ಮರೆತದ್ದು ಒಂದೇ. ಸೌನಾ, ಅಂದರೆ ಬಿಸಿಹಬೆಯ ಸ್ನಾನದ ಕೋಣೆ, ಒಲೆ ಉರಿದು ಕಾಯುವ ಮೊದಲು ನಮ್ಮಲ್ಲಿ ಯಾರೂ ಒಳಗೆ ಹೋಗಿ ಕೂರುವುದಿಲ್ಲ. ಅಸ್ಕೋ ತನ್ನ ಪರೀಕ್ಷೆಗಳನ್ನೂ ಹಾಗೇ ನಡೆಸುತ್ತಿದ್ದ. ದೊಡ್ಡ ಗುಂಪನ್ನು ಬಿಡುವ ಮುನ್ನ ಪುಟವನ್ನು ಬೆಚ್ಚಗೆ ಮಾಡಲೆಂದು ಒಂದು ಸಣ್ಣ ತಂಡ ಮುಂದೆ ಹೋಗುತ್ತಿತ್ತು. ಆಫೀಸಿನವರು ಅದನ್ನು 'ಸೌದೆ' ಎಂದು ಕರೆಯುತ್ತಿದ್ದರು. ಆ ಸೌದೆ ತಂಡ ಫೈಲಿನ ತೀರಾ ಕೆಳಗಿತ್ತು, ಅವನು ಅಲ್ಲಿಯವರೆಗೆ ಇಳಿದು ನೋಡಲಿಲ್ಲ. ಮೇಲೆ ಬರೆದ ಮಗ್ಗದ ತರಗತಿ ಅವರಿಗೂ ಅನ್ವಯಿಸಿತು. ಒಂಬತ್ತು ಬಡಿದ ಕ್ಷಣ ಅವರು ಮೊದಲು ನುಗ್ಗಿ ತಲೆಗೊಂದು ಮಗ್ಗ ಹಿಡಿದುಕೊಂಡರು. ಹಿಂದಿನಿಂದ ಬಂದ ಸುಳ್ಳು ರೈಯಾಳಿಗೆ ಉಳಿದಿದ್ದ ಕೊನೆಯ ಮಗ್ಗ ಸಿಕ್ಕಿತು.

ಅಸ್ಕೋ ನೋಡಿದ್ದು ಒಂದೇ ಸಾಲು, ರೈಯಾ ಪುರೋಲಾ, ಸ್ವೀಕೃತ. ಅಂದು ಪುಟವೂ ಕುಸಿಯಲಿಲ್ಲ. ಮಿಸ್ಕಾ ಎಲ್ಲರಿಗೂ ಕೇಕು ತರಿಸಿದ. ಬೆರ್ರಿಯ ರಸಕ್ಕೆ ಕೈ ನೀಲಿ ಮಾಡಿಕೊಂಡು ಕಾಡಿನಿಂದ ಬಂದ ರೈಯಾಳಿಗೆ ಅಸ್ಕೋ ಸುದ್ದಿ ಹೇಳಿದ್ದು ದಾನ ಕೊಡುವವನ ಧಾಟಿಯಲ್ಲಿ. ಅವಳು ಬೆರ್ರಿಯ ಬಕೆಟ್ಟನ್ನು ಕೆಳಗಿಡದೆ ಅಲ್ಲೇ ಕುರ್ಚಿಯ ಮೇಲೆ ಕೂತಳು. ಅವಳ ಕಣ್ಣು ತುಂಬಿತ್ತು.

ಎರಡು ದಿನ ಬಿಟ್ಟು ಅಂಗಡಿಯಲ್ಲಿ ಗಂಡಹೆಂಡತಿಗೆ ಪಿರ್ಕ್ಕೋ ಎದುರಾದಳು.

"ಗುಂಡಿ ಒತ್ತೋದ್ರೊಳಗೆ ತರಗತಿ ತುಂಬಿದೆ ಅಂತ ಬಂತು ಕಣೆ! ನಮ್ಮಲ್ಲಿ ಒಬ್ಬರಿಗೂ ಸಿಕ್ಕಿಲ್ಲ. ಹಿಂದಿನ ವರ್ಷದವರು ಅಷ್ಟೂ ಜನ ಕಾಯೋರ ಪಟ್ಟಿಯಲ್ಲಿ ಬಿದ್ದಿದ್ದೀವಿ. ಯಾರೇ ಇವರು, ಎಲ್ಲಿಂದ ಉದುರಿದ್ರು?"

ರೈಯಾ ಉತ್ತರ ಹುಡುಕುವ ಮೊದಲೇ ಅಸ್ಕೋ ಬಾಯಿ ಹಾಕಿದ. "ಚುರುಕಾಗಿದ್ದವರಿಗೆ ಸಿಗುತ್ತೆ ಪಿರ್ಕ್ಕೋ. ಎಲ್ಲರಿಗೂ ಬಾಗಿಲು ಒಂದೇ ಹೊತ್ತಿಗೆ ತೆಗೆಯೋದು. ಇದಕ್ಕಿಂತ ನ್ಯಾಯ ಇನ್ನೇನು ಬೇಕು?"

"ನಿನ್ನ ನ್ಯಾಯಕ್ಕಿಷ್ಟು" ಎಂದು ಪಿರ್ಕ್ಕೋ ಗಾಡಿ ತಳ್ಳಿಕೊಂಡು ಹೋದಳು. ರೈಯಾ ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ಹೇಗೆ ಸಿಕ್ಕಿತೆಂದು ಅವಳಿಗೆ ಗೊತ್ತಿತ್ತು, ಅದಕ್ಕೆ ನಾಚಿಕೆಯೂ ಇತ್ತು. ಆದರೂ ಕಂಬಳಿ ಉಳಿಯಿತಲ್ಲ ಎಂಬ ಸಮಾಧಾನ ನಾಚಿಕೆಗಿಂತ ದೊಡ್ಡದಾಗಿತ್ತು.

ಸೆಪ್ಟೆಂಬರಿನಲ್ಲಿ ತರಗತಿ ಶುರುವಾದ ಸಂಜೆ ರೈಯಾ ಎಲ್ಲರಿಗಿಂತ ಮೊದಲು ಹೋಗಿ ತನ್ನ ಮಗ್ಗದ ಮೇಲಿನ ಬಟ್ಟೆ ಸರಿಸಿದಳು. ಲೈಲಾ ಹಾಕಿದ ಕೆಂಪು ಹಾಗೇ ಇತ್ತು. ಪಿರ್ಕ್ಕೋ ಕೂಡ ಬಂದಿದ್ದಳು, ನೇಯುವುದಕ್ಕಲ್ಲ, ಅಲ್ಲಿ ಬಿಟ್ಟಿದ್ದ ತನ್ನ ಲಾಳಿಗಳನ್ನು ಒಯ್ಯುವುದಕ್ಕೆ. ನೇಯ್ಗೆ ಕಲಿಸುವ ಸಿನಿಕ್ಕಾ ಬಾಗಿಲ ಕಡೆ ನೋಡುತ್ತ ಬಹಳ ಹೊತ್ತು ಕಾದಳು. ಒಬ್ಬರೂ ಬರಲಿಲ್ಲ. ಕೊನೆಗೆ ಹೆಸರು ಕೂಗಿದಳು.

"ಹಿಲ್ಯಾ ಸಾರೆಲಾ. ಅರ್ಮಾಸ್ ಕೊಸ್ಕೆಲಾ. ಸೈಮಾ ತಾಪೋಲಾ... ಏನಿದು, ಮಗ್ಗಕ್ಕೆ ಹೆದರಿ ಎಲ್ಲಾ ಓಡಿಹೋದ್ರಾ?"

"ಇವೆಲ್ಲ ನಮ್ಮಜ್ಜಿ ಕಾಲದ ಹೆಸರು" ಎಂದಳು ಪಿರ್ಕ್ಕೋ. "ಇಂಥವರು ಯಾರೂ ಈ ಊರಲ್ಲಿಲ್ಲ. ಇದ್ದಿದ್ರೆ ನನಗೆ ಗೊತ್ತಿರ್ತಿತ್ತು."

ಸಿನಿಕ್ಕಾ ನೋಂದಣಿ ಪುಟದ ಸಹಾಯವಾಣಿಗೆ ಫೋನ್ ಹಚ್ಚಿ, ಫೋನನ್ನು ಮೇಜಿನ ಮೇಲಿಟ್ಟು ದನಿ ದೊಡ್ಡದು ಮಾಡಿದಳು. ತರಗತಿಗಳು ಶುರುವಾಗುವ ವಾರ ಮಿಸ್ಕಾ ತನ್ನ ಜನರನ್ನೆಲ್ಲ ಸಂಜೆಯೂ ಫೋನಿಗೆ ಕೂರಿಸಿ ತಾನೂ ಅಲ್ಲೇ ಓಡಾಡುತ್ತಿರುತ್ತಿದ್ದ. ಆ ಕಡೆಯಿಂದ ನಮ್ಮವರ ಪದ್ಧತಿಯಂತೆ ಮನೆತನದ ಹೆಸರು ಮಾತ್ರ ಕೇಳಿಸಿತು.

"ಪುರೋಲಾ."

ಸಿನಿಕ್ಕಾ ತಲೆ ಎತ್ತಿ ರೈಯಾಳನ್ನು ನೋಡಿದಳು. ರೈಯಾ ಕಂಬಳಿಯ ಮೇಲಿಟ್ಟ ಕೈ ತೆಗೆಯಲಿಲ್ಲ.

"ನಾನು ಸಂಜೆಶಾಲೆಯಿಂದ, ಮಗ್ಗದ ತರಗತಿಯವಳು. ನಮ್ಮಲ್ಲಿ ಹನ್ನೆರಡು ಹೆಸರಿವೆ, ಜನ ಬಂದಿಲ್ಲ. ಹಿಲ್ಯಾ ಸಾರೆಲಾ ಯಾರು? ಅರ್ಮಾಸ್ ಕೊಸ್ಕೆಲಾ ಯಾರು? ಸ್ವಲ್ಪ ನೋಡಿ ಹೇಳ್ತೀರಾ?"

ತನ್ನ ಕೈಯಾರೆ ಹೆಸರಿಟ್ಟವರನ್ನು ಅಸ್ಕೋ ಗುರುತಿಸದೆ ಇರುತ್ತಾನೆಯೇ? ಬೆಚ್ಚಗೆ ಮಾಡಲು ಹೋದವರು ಎಲ್ಲಿ ಹೋಗಿ ಕೂತರೆಂದು ಆ ಕ್ಷಣ ಅವನಿಗೆ ಹೊಳೆದಿರಬೇಕು. "ಏನಂತೆ?" ಎಂದು ಅವನ ಹಿಂದೆ ಮಿಸ್ಕಾನ ದನಿಯೂ ಕೇಳಿಸಿತು.

ಒಂದು ಮಾತು ಸಾಕಿತ್ತು. ತಪ್ಪು ನನ್ನದು ಎಂದರೆ ಮುಗಿಯುತ್ತಿತ್ತು. ಮಿಸ್ಕಾ ಕೂಗಾಡುತ್ತಿದ್ದ, ಊರು ಒಂದು ವಾರ ನಗುತ್ತಿತ್ತು, ಅಷ್ಟೇ. ನಮ್ಮಲ್ಲಿ ಅದಕ್ಕಾಗಿ ಯಾರ ತಲೆಯನ್ನೂ ತೆಗೆಯುವುದಿಲ್ಲ.

"ಇದು ಹೊರಗಿನವರ ದಾಳಿ" ಎಂದಿತು ಅಸ್ಕೋನ ದನಿ, ವಾರ್ತೆ ಓದುವವರ ಹಾಗೆ. "ವಿದೇಶದ ಸರ್ವರಿಂದ ಸುಳ್ಳು ಹೆಸರುಗಳು ನುಗ್ಗಿವೆ. ಫ್ರಾಂಕ್‌ಫರ್ಟ್ ಕಡೆಯಿಂದ. ಈಗಿನ ಕಾಲದಲ್ಲಿ ಇದೆಲ್ಲ ಇದ್ದದ್ದೇ. ನಾವು ಬೇಗ ಪತ್ತೆ ಹಚ್ಚಿದ್ದೀವಿ. ಆ ಹೆಸರುಗಳನ್ನೆಲ್ಲ ತೆಗೆದುಹಾಕಿ, ಕಾಯ್ತಾ ಇರೋರನ್ನ ಕರೀರಿ."

"ಎಲ್ಲವನ್ನೂನಾ?"

"ಎಲ್ಲವನ್ನೂ."

"ಇಲ್ಲಿ ಒಬ್ಬಳು ಬಂದಿದ್ದಾಳೆ" ಎಂದಳು ಸಿನಿಕ್ಕಾ ನಿಧಾನವಾಗಿ. "ಮಗ್ಗದ ಮುಂದೆ ನಿಂತಿದ್ದಾಳೆ, ನಾನು ಕಣ್ಣಾರೆ ನೋಡ್ತಾ ಇದ್ದೀನಿ. ರೈಯಾ ಪುರೋಲಾ ಅಂತ ಹೆಸರು. ಇವಳದ್ದೂ ಸುಳ್ಳಾ?"

ಮಿಸ್ಕಾ ಏನನ್ನೋ ಕೇಳಿದ. ಅಸ್ಕೋ ಕೆಮ್ಮಿದ. ತನ್ನ ಹೆಂಡತಿಯ ಹೆಸರು ಮಾತ್ರ ನಿಜ ಎಂದರೆ ಅದೇಕೆ ಅದೇ ಸರ್ವರಿಂದ ಬಂತೆಂದು ಮಿಸ್ಕಾ ಕೇಳಿಯೇ ಕೇಳುತ್ತಾನೆ. ಅಷ್ಟು ಲೆಕ್ಕ ಹಾಕುವುದಕ್ಕೆ ಅವನಿಗೆ ಒಂದು ಕೆಮ್ಮಿನ ಹೊತ್ತು ಸಾಕಾಯಿತು.

"ಅದೂ ಅಲ್ಲಿಂದಲೇ ಬಂದಿದೆ" ಎಂದ. "ಅಂಥವಳು ಯಾರೂ ಇಲ್ಲ, ಹೆಸರೂ ಹಚ್ಚಿಲ್ಲ. ತೆಗೆದುಹಾಕಿ."

ಪಿರ್ಕ್ಕೋ ಮುಂದೆ ಬಾಗಿ ಫೋನನ್ನು ಆರಿಸಿದಳು. "ಹೇಡಿ ನನ್ಮಗ" ಎಂದಳು.

"ಅವನು ಹೇಳಿದ್ದನ್ನ ನಾನು ಕೇಳಿಸಿಕೊಂಡೇ ಇಲ್ಲ ರೈಯಾ" ಎಂದಳು ಸಿನಿಕ್ಕಾ. "ನೀನು ಕೂತ್ಕೊಂಡು ನೇಯಿ."

"ಅವನು ಹೇಳಿದ್ರಲ್ಲಿ ಒಂದು ನಿಜ ಇದೆ" ಎಂದಳು ರೈಯಾ. "ನಾನು ಹೆಸರು ಹಚ್ಚಿಲ್ಲ. ಆವತ್ತು ಬೆರ್ರಿ ಆರಿಸ್ತಾ ಇದ್ದೆ. ಸರದಿಯಲ್ಲಿ ನಿಂತವಳು ಪಿರ್ಕ್ಕೋ, ನಾನಲ್ಲ. ಕಾಯೋರ ಪಟ್ಟಿ ಮಗ್ಗಗಳಿಗಿಂತ ಉದ್ದ ಇದೆ."

"ಈಗ ನನಗೆ ಬರೋ ಮಗ್ಗ ನೀನು ತಗೋ ಕಣೆ. ನನಗೆ ಮನೇಲಿ ಹೊಲಿಗೆ ಇದೆ, ಈ ವರ್ಷ ಬೇಡ" ಎಂದಳು ಪಿರ್ಕ್ಕೋ. ಅದು ಹಸಿ ಸುಳ್ಳೆಂದು ಮೂವರಿಗೂ ಗೊತ್ತಿತ್ತು.

"ನೀನು ಬಿಟ್ರೆ ಅದು ಪಟ್ಟಿಯಲ್ಲಿ ನಿನ್ನ ಹಿಂದೆ ಇರೋಳಿಗೆ ಹೋಗಬೇಕು. ಅವಳ ಮುಖವನ್ನ ನಾನು ಅಂಗಡಿಯಲ್ಲಿ ಹೇಗೆ ನೋಡ್ಲಿ?" ರೈಯಾ ಕೈ ಚಾಚಿದಳು. "ಕತ್ತರಿ ಕೊಡು ಸಿನಿಕ್ಕಾ. ಬೇರೆಯವರು ಕತ್ತರಿಸೋದು ಬೇಡ, ನಾನೇ ಮಾಡ್ತೀನಿ."

ಸಿನಿಕ್ಕಾ ಕೊಡಲಿಲ್ಲ. ರೈಯಾಳೇ ಗೋಡೆಯ ಮೊಳೆಯಿಂದ ಕತ್ತರಿ ತೆಗೆದುಕೊಂಡಳು. ಬಿಗಿಯಾಗಿದ್ದ ಹಾಸಿನ ನೂಲುಗಳು ಒಂದೊಂದು ಹಿಡಿಯಾಗಿ ಕತ್ತರಿಗೆ ಸಿಕ್ಕು ಸಡಿಲವಾಗಿ ಬಿದ್ದವು. ಬಿದ್ದ ಎಳೆಗಳನ್ನು ಪಿರ್ಕ್ಕೋ ಅಲ್ಲಲ್ಲೇ ಗಂಟು ಹಾಕುತ್ತ ಹೋದಳು, ನೇಯ್ದದ್ದಾದರೂ ಬಿಚ್ಚಿಕೊಳ್ಳದಿರಲಿ ಎಂದು. ಚಿತ್ತಾರದಲ್ಲಿ ಒಂದು ಮರ ಬರಬೇಕಿತ್ತು. ಬೇರು, ಕಾಂಡ ಬಂದಿದ್ದವು, ಕೊಂಬೆಗಳು ಇನ್ನೂ ಶುರುವಾಗಿರಲಿಲ್ಲ. ರೈಯಾ ಕೊನೆಯ ಹಿಡಿಯ ಹೊತ್ತಿಗೆ ಬಿಕ್ಕಿ ಬಿಕ್ಕಿ ಅತ್ತಳು, ಆದರೆ ಕೈ ನಿಲ್ಲಿಸಲಿಲ್ಲ.

ಮನೆಯಲ್ಲಿ ಅಸ್ಕೋ ಅಷ್ಟು ಹೊತ್ತಿಗೆ ಮಾತು ಸಿದ್ಧ ಮಾಡಿಕೊಂಡು ಕೂತಿದ್ದ.

"ಮಿಸ್ಕಾ ಪಕ್ಕದಲ್ಲೇ ಇದ್ದ ಕಣೆ, ನಾನೇನು ಮಾಡ್ಲಿ? ನೀನೂ ಸ್ವಲ್ಪ ಅರ್ಥ ಮಾಡ್ಕೋಬೇಕು. ಮುಂದಿನ ವರ್ಷ ಸರಿಯಾಗಿ ಮಾಡ್ತೀನಿ, ಎಲ್ಲಿ ತಪ್ಪಾಯ್ತು ಅಂತ ಈಗ ಗೊತ್ತಾಗಿದೆ. ಉಣ್ಣೆ ಏನು, ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತೆ. ದುಡ್ಡು ನಾನು ಕೊಡ್ತೀನಿ." ಹೆಂಡತಿ ಸುಮ್ಮನಿರುವುದನ್ನು ಒಪ್ಪಿಗೆ ಎಂದುಕೊಂಡು, "ಕಾಫಿ ಇದೆಯಾ?" ಎಂದ.

"ಅಂಥವಳು ಯಾರೂ ಇಲ್ಲ ಅಂತ ನೀನೇ ಹೇಳಿದೆಯಲ್ಲ ಅಸ್ಕೋ" ಎಂದಳು ರೈಯಾ. "ಇಲ್ಲದವಳು ಕಾಫಿ ಎಲ್ಲಿಂದ ಮಾಡ್ತಾಳೆ?"

ಕಂಬಳಿಯ ಸುರುಳಿಯನ್ನು ಅವಳು ಕೆಳಗಿಟ್ಟೇ ಇರಲಿಲ್ಲ. ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ಅದರ ಜೊತೆಗೇ ಹೊರಟಳು. ಹೊರಗೆ ಪಿರ್ಕ್ಕೋ ಕಾರನ್ನು ಆರಿಸದೆ ಕಾಯುತ್ತಿದ್ದಳು.

ಅಸ್ಕೋ ಈಗ ಹೆಲ್ಸಿಂಕಿಗೆಲ್ಲ ಹೋಗಿ ಬರುತ್ತಾನೆ. ಹೊರದೇಶದ ದಾಳಿಯನ್ನು ಒಂದು ಸಣ್ಣ ಊರಿನ ಕಂಪನಿ ಹೇಗೆ ಪತ್ತೆ ಹಚ್ಚಿತೆಂದು ಸಭೆಗಳಲ್ಲಿ ವಿವರಿಸುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ತನ್ನ ಜೊತೆ ಬಾಳಿದ ಹೆಂಗಸನ್ನು ಫೋನಿನಲ್ಲಿ ಅಳಿಸಿಹಾಕಿದ ಭಾಗವನ್ನು ಅವನು ಹೇಳುವುದಿಲ್ಲ. ಹೆಂಡತಿ ಎಲ್ಲಿ ಎಂದು ಯಾರಾದರೂ ಕೇಳಿದರೆ, ಮಗ್ಗದ ಹುಚ್ಚು ಹಿಡಿದು ಮನೆ ಬಿಟ್ಟುಹೋದಳು ಎನ್ನುತ್ತಾನೆ.